ಸೀಟಿ ಊದ್ರಿ

ನವನಗರದ ಸ್ಕ್ಯಾನಿಂಗ್ ಸೆಂಟರಿನ ಬಾಂಕಿನ ಮ್ಯಾಲೆ
ಎಲ್ಲಾರೂ ಬಸಿರಿಯರು, ನಾನೊಬ್ಬಾಕಿ ಖಾಕಿ.
ಗ್ವಾಡಿ ಮ್ಯಾಲಿನ ಬೋರ್ಡು ಓದಿದೆ:
ಇಲ್ಲಿ ಗಂಡು ಹೆಣ್ಣು ಹೇಳೂದಿಲ್ಲ.
ಬ್ಯಾಡ ಬಿಡ್ರಿ, ನಂದೇನು ಅಂತ ಹೇಳಿದ್ರ ಸಾಕು.

ಬಾಜೂದಾಕಿ, ಪಾಪ, ಜಾಗ ಸರಿಸಿ ಕೇಳಿದಳು,
"ಮಗಳ್ನ ಕರ್ಕೊಂಡು ಬಂದೀರೇನ್ರಿ ಅಕ್ಕಾರ?"
ಹೂಂ, ಒಳಗ ಹೋಗ್ಯಾಳ, ಅಂದೆ.
ಹದಿನೇಳು ವರ್ಷ ಸುಳ್ಳಿನ ಸರ್ವಿಸು ನಂದು:
ಬಾಟ್ಲಿ ಚೆಲ್ಲಿತು, ಸೀಟು ಹಸೀ ಇತ್ತು,
ಯಾವದೋ ಕೂಸು ಉಚ್ಚಿ ಹೊಯ್ತು ನೋಡ್ರಿ.
ಆ ಕೂಸಿನ ತಾಯಿ ನನ್ನ ಮಾರಿ ನೋಡಿದ್ದು
ಇನ್ನೂ ಮರ್ತಿಲ್ಲ.

ಬಾಗಲಕೋಟಿಯಿಂದ ಇಳಕಲ್ಲಿನ ತನಕ
ಎಷ್ಟು ಹಂಪ್ಸು ಅಂತ ಡ್ರೈವರ್ ಮೌಲಾಸಾಬಗೂ ಗೊತ್ತಿಲ್ಲ,
ನನ್ನ ಮೈಗೆ ಗೊತ್ತು.
ಶಿರೂರ ಸಾಲಿ ಮುಂದಿಂದು ಸಣ್ಣದು, ಮಾಫ್ ಮಾಡತೈತಿ.
ಅಮೀನಗಡದ್ದು ಮಾಡೂದಿಲ್ಲ.
ಯುಗಾದಿ ಬಿಸಲಾಗೂ ನೀರು ಕುಡೀಲಾರದ
ತುಟಿ ಒಣಗಿಸ್ಕೊಂಡು ಚಿಲ್ರೆ ಎಣಿಸೀನಿ.
ಒಗ್ಗರಣಿ ಘಾಟಿಗೆ ಸೀನು ಬಂದ್ರ
ಕಾಲು ಕತ್ರಿ ಹಾಕಿ ಗ್ವಾಡಿ ಹಿಡೀತೀನಿ.

"ನೀಲಗಂಗಾ ಹೂಲಗೇರಿ!"
ಕರೆದ ದನಿಗೆ ಇಡೀ ಸಾಲು ತಿರುಗಿತು.

ಒಳಗ ಕತ್ತಲು. ತಣ್ಣಗಿನ ಲೋಳಿ.
ಡಾಕ್ಟರ್ ಶಾಹಿನಾ, ನನ್ನ ಸಣ್ಣ ತಂಗಿ ವಯಸ್ಸಿನಾಕಿ,
ಕೈಗವಸ ತೊಡಿಸಿದ ಪ್ರೋಬು ಕೆಳಗ ಆನಿಸಿ ಹಿಡಿದು
ಪರದೆ ನನ್ನ ಕಡೆ ತಿರುಗಿಸಿದಳು.
"ಇದು ಎಲುಬು. ಈ ಕರೀದು ಉಚ್ಚಿ ಚೀಲ, ತುಂಬೇತಿ.
ಇದು ಅದರ ಕುತ್ತಿಗಿ. ಕೆಮ್ಮ್ರಿ ಅಕ್ಕಾರ."

ಕೆಮ್ಮಿದೆ. ಏನೂ ಆಗಲಿಲ್ಲ.
ಮತ್ತ ಕೆಮ್ಮಿದೆ, ಬೀಗರ ಮನ್ಯಾಗಿನ ಕೆಮ್ಮು.
ರಸ್ತೆದಾಗ ಖಡಖಡಿಸಿ
ಡಿಪೋದ ಮೆಕ್ಯಾನಿಕ್‌ನ ಮುಂದ ಸುಮ್ಮಕಾಗೋ ಗಾಡಿ ನನ್ನ ಮೈ.
"ಯಾವಾಗ ಹೋಗತೈತ್ರಿ ಹೆಚ್ಚಿಗಿ?"
ಸೀಟಿ ಊದುವಾಗ, ಅಂದೆ.
"ಹಂಗಾರ ಊದ್ರಿ."
"ಇಲ್ಲೆ?"
"ಇಲ್ಲೇ."

ಕೊರಳಾಗಿನ ದಾರ ಹುಡುಕಿ ಬಾಯಿಗಿಟ್ಟು
ಊದಿದೆ, ಸ್ಟ್ಯಾಂಡು ಬಿಡುವಾಗಿನ ಜೋಡಿ ಸೀಟಿ.
ಹೊರಗ ಯಾರೋ ಗಂಡಸು
"ರೈಟ್, ರೈಟ್!" ಅಂದ. ಬಸಿರಿಯರೆಲ್ಲಾ ನಕ್ಕರು.
ಒಳಗ, ಪರದೆ ಮ್ಯಾಲೆ,
ಕರೀ ಚೀಲದ ಕುತ್ತಿಗಿ ಜರ್ ಅಂತ ಕೆಳಗಿಳಿದು
ರೇಷನ್ ಅಂಗಡಿ ಸೀಮೆಎಣ್ಣಿ ಲಾಳಿಕಿ ಆಗಿ
ಬಾಯಿ ಬಿಟ್ಟಿತು.

ಅಲ್ಲೇ ನಿಲ್ಲಿಸಿ ಎರಡು ಚುಕ್ಕಿ ಇಟ್ಟಳು,
ನಡುವ ಒಂದು ಗೆರೆ.
"ಇಷ್ಟು ಜಾರತೈತ್ರಿ. ಮೂರು ಸೆಂಟಿಮೀಟರಿಗೆ ಕೂದಲೆಳಿ ಕಮ್ಮಿ."

ನನ್ನ ಲಗ್ನಕ್ಕ ಮುಂಚೆ, ಹಳೇ ಊರಾಗ,
ಸರ್ವೇದವರು ಬಂದು ನಮ್ಮ ಗ್ವಾಡಿಗೆ
ಕೆಂಪು ಬಣ್ಣದ ಗೆರೆ ಎಳೆದು ಹೋಗಿದ್ದರು,
ಹಿನ್ನೀರು ಇಲ್ಲೀತನ ಬರತೈತಿ ಅಂತ.
ಅವ್ವ ಆ ಗೆರೆ ಮ್ಯಾಲೆ ಹಬ್ಬಕ್ಕೊಮ್ಮೆ ಸುಣ್ಣ ಬಳೀತಿದ್ದಳು.
ಸುಣ್ಣಕ್ಕ ನೀರು ಹೆದರಲಿಲ್ಲ.

"ಈಗ ಒಳಗ ಬಿಗಿ ಹಿಡೀರಿ. ಹೊಟ್ಟಿ ಅಲ್ಲ, ಕುಂಡಿ ಅಲ್ಲ.
ಬಸ್ಸು ನಿಲ್ಲೂದಿಲ್ಲ, ಊರು ಇನ್ನೂ ದೂರೈತಿ ಅನ್ನೂವಾಗ
ಹಿಡೀತೀರಲ್ಲ, ಹಂಗ."
ಹಿಡಿದೆ.
ಬೂದು ಬಣ್ಣದ್ದು ಏನೋ ಒಂದು
ಎಲುಬಿನ ಕಡೆ ಸರಿದು ಕುತ್ತಿಗಿನ ಮ್ಯಾಲಕ್ಕೆತ್ತಿತು.
"ಅದು ಯಾರ್ರಿ?"
"ನೀವಽ."
ಬಿಟ್ಟೆ, ಇಳೀತು. ಹಿಡಿದೆ, ಏರಿತು.
ಮೂರು ಹಡೆದು ನಲವತ್ತೆಂಟು ವರ್ಷ ಬಾಳಿದ ಮನ್ಯಾಗ
ಇಂಥಾದೊಂದು ಬಾಗಿಲಿತ್ತೇನು?

ಆಪರೇಷನ್ ಈಗಽ ಬ್ಯಾಡ, ಮೂರು ತಿಂಗಳು ನೋಡೋಣು, ಅಂದಳು.
ದಿನಾ ಮೂರು ಹೊತ್ತು. ನೀರು ಕುಡೀರಿ.
ಊದೂಕಿಂತ ಮೊದಲು ಹಿಡೀರಿ.

ಫೋಟೋ ಟಿಕೆಟ್ ಬ್ಯಾಗಿನ್ಯಾಗೈತಿ, ವೇಬಿಲ್ಲಿನ ಕೆಳಗ.
ಮೊನ್ನೆ ಕಮತಗಿ ಕ್ರಾಸಿನ್ಯಾಗ ಹತ್ತಿದ ಚೆಕಿಂಗ್ ಸಾಹೇಬ
ರೊಕ್ಕ ಎಣಿಸಾಕ ಹೋಗಿ ಅದನ್ನ ತೆಗೆದು
ಮ್ಯಾಲ ಕೆಳಗ ತಿರುಗಿಸಿ ನೋಡಿ ನಕ್ಕ,
"ಎಷ್ಟು ತಿಂಗಳ್ರಿ? ಸೊಸಿದೇನು?"
"ನಂದ್ರಿ," ಅಂದೆ.
ಅಂವ ಇಳಿದ.
ಹಿಡಿದೆ.
ಊದಿದೆ, ಎರಡು.
ಅಮೀನಗಡ ಇನ್ನೂ ಮುಂದೈತಿ.